ಕಾಮಣಿ ಗಿಡ ಮತ್ತು ವೈರಸ್ಸಿನ ಹಿತ್ತಲ ಬಾಗಿಲು

ಮಳೆ ಹಿಡಿದರೆ ಹಂಸಭಾವಿ ಸುತ್ತಲಿನ ಗೋವಿನಜೋಳದ ಹೊಲಗಳಲ್ಲಿ, ಬದುಗಳಲ್ಲಿ ನೆಲನೆಲ್ಲಿ ತಾನಾಗಿ ಹುಟ್ಟುತ್ತದೆ. ಎಲೆಯ ಕೆಳಗೆ ಸಾಲಾಗಿ ಸಣ್ಣ ಸಣ್ಣ ಕಾಯಿ. ಕಣ್ಣು ಹಳದಿಯಾದವರಿಗೆ ಇದನ್ನು ಅರೆದು ಕುಡಿಸುವುದು ನಮ್ಮ ಕಡೆಯ ಹಳೆಯ ರೂಢಿ. ಬಹಳ ಮಂದಿ ಗುಣವೂ ಆಗುತ್ತಾರೆ. ಆದರೆ ಕಾಮಣಿ ಎಂಬ ಒಂದೇ ಹೆಸರಿನೊಳಗೆ ಹಲವು ವೈರಸ್‌ಗಳಿವೆ. ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ತಾವಾಗಿಯೇ ಇಳಿದುಹೋಗುತ್ತವೆ. ರಕ್ತದಿಂದ ಹರಡುವ ಬಿ ಮತ್ತು ಸಿ ಹಾಗಲ್ಲ. ಸದ್ದಿಲ್ಲದೆ ವರ್ಷಗಟ್ಟಲೆ ಯಕೃತ್ತಿನಲ್ಲಿ ಕುಳಿತು ಅದನ್ನು ಗಟ್ಟಿ ಮಾಡುತ್ತವೆ, ಕೆಲವರಲ್ಲಿ ಕ್ಯಾನ್ಸರ್ ತರುತ್ತವೆ. ಗಿಡಕ್ಕೆ ಬಂದ ಕೀರ್ತಿಯಲ್ಲಿ ದೊಡ್ಡ ಪಾಲು ಎ ಮತ್ತು ಇಗಳದ್ದೇ ಎಂದು ನನಗನ್ನಿಸುತ್ತದೆ.

ಗಿಡವನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಒಬ್ಬರು. ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರ ಜೊತೆಗಿದ್ದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ವರದಿಯ ಪ್ರಕಾರ, ನೆಲನೆಲ್ಲಿ ಪುಡಿ ಸೇವಿಸಿದ 37 ಮಂದಿಯಲ್ಲಿ 22 ಜನರ ರಕ್ತದಿಂದ ಬಿ ವೈರಸ್ಸಿನ ಗುರುತು ಮಾಯವಾಗಿತ್ತು. ಲೋಕವೆಲ್ಲ ಕಿವಿ ನಿಮಿರಿಸಿತು. ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಮಾತ್ರ ಅಂಥ ಫಲ ಸಿಗಲಿಲ್ಲ.

ಮರುವರ್ಷವೇ, 1989ರಲ್ಲಿ, ಅಲ್ಲಿಯವರೆಗೆ ‘ಎ ಅಲ್ಲ, ಬಿ ಅಲ್ಲ’ ಎಂದಷ್ಟೇ ಕರೆಯುತ್ತಿದ್ದ ಕಾಯಿಲೆಯ ಮೂಲ ಸಿಕ್ಕಿತು: ಹೆಪಟೈಟಿಸ್ ಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೌಮಿತ್ರ ದಾಸ್ ತಮ್ಮ ಸಂಶೋಧನೆಯ ಬಹುಭಾಗವನ್ನು ಈ ವೈರಸ್ಸಿಗೇ ಕೊಟ್ಟವರು. ಅವರು ಹಿಡಿದ ದಾರಿ ನನಗೆ ಬಹಳ ಹಿಡಿಸುತ್ತದೆ. ಔಷಧ ಹುಡುಕುವ ಮುನ್ನ ಅವರು ಕಳ್ಳ ಬಳಸುವ ಬಾಗಿಲನ್ನು ಹುಡುಕಿದರು.

ನಮ್ಮ ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರ ರೈಬೋಸೋಮ್. ಅದು ಸಾಮಾನ್ಯವಾಗಿ ಆರ್‌ಎನ್‌ಎ ಎಳೆಯ ತುದಿಯಿಂದ, ಅಂದರೆ ಮುಂಬಾಗಿಲಿನಿಂದ, ಓದಲು ತೊಡಗುತ್ತದೆ. ಸಿ ವೈರಸ್ ತನ್ನ ಎಳೆಯ ಆರಂಭದ ಭಾಗವನ್ನೇ ಮಡಿಕೆ ಮಡಿಕೆಯಾಗಿ ಸುತ್ತಿ, ರೈಬೋಸೋಮನ್ನು ಹಿತ್ತಲ ಬಾಗಿಲಿನಿಂದ ನೇರ ಒಳಗೆ ಕೂರಿಸಿಕೊಳ್ಳುತ್ತದೆ. ಇದಕ್ಕೆ ನಮ್ಮದೇ ದೇಹದ ‘ಲಾ’ ಎಂಬ ಪ್ರೋಟೀನ್ ಕೈಜೋಡಿಸುತ್ತದೆ. ‘ಲಾ’ ಎಲ್ಲಿ, ಹೇಗೆ ಅಂಟುತ್ತದೆ ಎಂಬುದನ್ನು ದಾಸ್ ತಂಡ ಬಿಡಿಸಿ ತೋರಿಸಿತು. 2005ರಲ್ಲಿ ಅದೇ ಪ್ರೋಟೀನಿನ ಒಂದು ತುಣುಕನ್ನು ಮಾಡಿ ಬಿಟ್ಟರು. ತುಣುಕು ಹೋಗಿ ಲಾ ಅಂಟುವ ಜಾಗದಲ್ಲಿ ಕುಳಿತಿತು. ರೈಬೋಸೋಮಿಗೆ ಎಡೆಯೇ ಇಲ್ಲವಾಯಿತು. ಮನೆಯವನ ಕೈಯಿಂದಲೇ ಕಳ್ಳನ ಬಾಗಿಲಿಗೆ ಅಗಳಿ!

ಇದೇ ಪ್ರಯೋಗಾಲಯಕ್ಕೆ 2011ರ ಹೊತ್ತಿಗೆ ನಮ್ಮ ನೆಲನೆಲ್ಲಿಯೂ ಬಂತು. ಬೇರಿನ ಸಾರ ವೈರಸ್ಸಿನ ಉದ್ದ ಪ್ರೋಟೀನನ್ನು ಕತ್ತರಿಸುವ ಕಿಣ್ವವನ್ನು ತಡೆಯಿತು. ಎಲೆಯ ಸಾರ ವೈರಸ್ಸಿನ ಆರ್‌ಎನ್‌ಎಯನ್ನು ನಕಲು ಮಾಡುವ ಕಿಣ್ವವನ್ನು. ಒಂದೇ ಗಿಡ, ಬೇರಿಗೊಂದು ಗುಣ, ಎಲೆಗೊಂದು ಗುಣ. 2014ರಲ್ಲಿ ದಾಳಿಂಬೆಯ ಸಂಯುಕ್ತಗಳೂ ಆ ಕತ್ತರಿಯನ್ನು ಮೊಂಡು ಮಾಡಿದವು. ಆಮೇಲೆ ನೆಲನೆಲ್ಲಿಯಲ್ಲಿರುವ ಕೊರಿಲ್ಯಾಜಿನ್ ಎಂಬ ಅಣುವನ್ನೂ ಗುರುತಿಸಿದರು. ಇವೆಲ್ಲ ಪ್ರಯೋಗಾಲಯದಲ್ಲಿ ಕಂಡ ಫಲ. ಹೊಲದ ಗಿಡ ಅರೆದು ಕುಡಿದರೆ ಸಿ ವೈರಸ್ ಹೋಗುತ್ತದೆಂದು ಇದರಿಂದ ಯಾರೂ ತಿಳಿಯಬಾರದು.

ರೋಗಿಗೆ ಮಾತ್ರೆ ತಲುಪಿದ್ದು ಬೇರೆ ದಾರಿಯಲ್ಲಿ. ನಕಲು ಕಿಣ್ವವನ್ನು ನಿಲ್ಲಿಸುವ ಸೊಫೋಸ್‌ಬುವಿರ್ 2013ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಹನ್ನೆರಡು ವಾರಕ್ಕೆ 84,000 ಡಾಲರ್! 2014ರಲ್ಲಿ ಭಾರತದ ಕಂಪನಿಗಳಿಗೆ ಅಗ್ಗದಲ್ಲಿ ತಯಾರಿಸುವ ಪರವಾನಗಿ ಸಿಕ್ಕಿತು. ಬೆಂಗಳೂರಿನ ಸ್ಟ್ರೈಡ್ಸ್ ಅವುಗಳಲ್ಲೊಂದು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಬಿ, ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ಸಿ ವೈರಸ್ಸನ್ನು ಈಗ ಮಾತ್ರೆಯಿಂದ ಪೂರ್ತಿ ಕಳೆಯಬಹುದು. ಬಿ ವೈರಸ್ಸನ್ನು ಮಾತ್ರೆ ಹತ್ತಿಕ್ಕುತ್ತದೆ, ಬೇರು ಕೀಳುವುದು ಅಪರೂಪ. ಬಿಗೆ ಲಸಿಕೆ ಇದೆ.

ಸಿಗೆ ಲಸಿಕೆ ಇಲ್ಲ. ಗುಣವಾದವರಿಗೆ ಸೋಂಕು ಮತ್ತೆ ತಗಲಬಹುದು. ದಾಸ್ ತಂಡ ನಮ್ಮ ದೇಶದಲ್ಲಿ ಹೆಚ್ಚಾಗಿರುವ ಮೂರನೆಯ ಬಗೆಯ ಸಿ ವೈರಸ್ಸಿನ ಬರೀ ಹೊರಕವಚ ತಯಾರಿಸಿ, 2016ರಲ್ಲಿ ಇಲಿಗಳಲ್ಲಿ ಅದು ರೋಗನಿರೋಧಕ ಶಕ್ತಿ ಎಬ್ಬಿಸುವುದನ್ನು ತೋರಿಸಿತು. ಇಲಿಯಿಂದ ಮನುಷ್ಯನವರೆಗಿನ ಹಾದಿ ಇನ್ನೂ ಬಾಕಿ ಇದೆ.