ಏಸ್ ಬೇಲಿ ಸಹಾಯಾರ್ಥ ಪಂದ್ಯ

1934ರ ಫೆಬ್ರುವರಿ 14ರಂದು ಕೆನಡಾದ ಟೊರಾಂಟೊದಲ್ಲಿ, ಮೇಪಲ್ ಲೀಫ್ ಗಾರ್ಡನ್ಸ್ ಕ್ರೀಡಾಂಗಣದಲ್ಲಿ ನಡೆದ ಐಸ್ ಹಾಕಿ ಪಂದ್ಯ. ನ್ಯಾಷನಲ್ ಹಾಕಿ ಲೀಗ್‌ನ ಮೊದಲ ಆಲ್‌ಸ್ಟಾರ್ ಪಂದ್ಯ ಇದೇ ಎಂದು ಎಣಿಸುವುದು ರೂಢಿ. ತಾರೆಯರನ್ನು ಮೆರೆಸಲೆಂದೇನೂ ಇದನ್ನು ಏರ್ಪಡಿಸಿರಲಿಲ್ಲ; ಮತ್ತೆ ಆಡಲಾಗದ ಸ್ಥಿತಿಗೆ ಬಂದ ಆಟಗಾರನೊಬ್ಬನಿಗೆ ಹಣ ಕೂಡಿಸುವುದಷ್ಟೇ ಉದ್ದೇಶವಾಗಿತ್ತು. ನೀರಿಗೆ ಧುಮುಕಿ ಕತ್ತು ಮುರಿದು ಸತ್ತ ಹಾಕಿ ಆಟಗಾರ ಹಾಡ್ ಸ್ಟುವರ್ಟ್‌ನ ಸಂಸಾರಕ್ಕಾಗಿ 1908ರ ಜನವರಿಯಲ್ಲಿ ಮಾಂಟ್ರಿಯಲ್‌ನಲ್ಲಿ ಆಡಿದ ಪಂದ್ಯದ ಪ್ರೇರಣೆಯೂ ಇಂಥದ್ದೇ.

ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಏಸ್ ಬೇಲಿ 1928-29ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ್ದವನು. 1933ರ ಡಿಸೆಂಬರ್ 12ರಂದು ಬಾಸ್ಟನ್‌ನಲ್ಲಿ ಬ್ರೂಯಿನ್ಸ್ ತಂಡದ ರಕ್ಷಣಾ ಆಟಗಾರ ಎಡ್ಡಿ ಶೋರ್ ಅವನಿಗೆ ಹಿಂದಿನಿಂದ ಡಿಕ್ಕಿ ಹೊಡೆದ. ತನ್ನನ್ನು ಅದಕ್ಕೂ ಮುಂಚೆ ಕೆಡವಿದವನು ಬೇಲಿಯೇ ಎಂದು ಶೋರ್ ತಪ್ಪು ತಿಳಿದಿದ್ದ ಎನ್ನುವವರುಂಟು. ಆಟಗಾರರು ಹೆಲ್ಮೆಟ್ ಧರಿಸದ ಕಾಲ ಅದು. ಬೇಲಿಯ ತಲೆ ನೇರವಾಗಿ ಮಂಜುಗಡ್ಡೆಗೆ ಬಡಿಯಿತು. ಮಿದುಳಿನ ಶಸ್ತ್ರಚಿಕಿತ್ಸೆಗಳಿಂದ ಜೀವ ಉಳಿದರೂ ಆಟ ಅಲ್ಲಿಗೇ ಮುಗಿಯಿತು. ಶೋರ್‌ಗೆ 16 ಪಂದ್ಯಗಳ ನಿಷೇಧ; ಆಗಿನ ಋತುವೊಂದಕ್ಕೆ 48 ಪಂದ್ಯ ಎಂಬುದನ್ನು ನೆನೆದರೆ ಶಿಕ್ಷೆ ಹಗುರವೇನಲ್ಲ.

ಸಹಾಯಾರ್ಥ ಪಂದ್ಯದಲ್ಲಿ ಲೀಫ್ಸ್ ವಿರುದ್ಧ ಉಳಿದ ಎಂಟು ತಂಡಗಳಿಂದ ಆರಿಸಿದ ಆಟಗಾರರು ಇಳಿದರು. ಹೋವಿ ಮೊರೆಂಜ್, ಗೋಲಿ ಚಾರ್ಲಿ ಗಾರ್ಡಿನರ್ ಅವರೊಂದಿಗೆ ಶೋರ್ ಕೂಡ ಇದ್ದ. ಆಟಕ್ಕೆ ಮುನ್ನ ತಾರಾ ತಂಡದವರಿಗೆ ಜರ್ಸಿ ಹಂಚುವಾಗ ಶೋರ್ ಬೇಲಿಯ ಎದುರು ಬಂದು ನಿಂತ. ಬೇಲಿ ಕೈ ಚಾಚಿದ, ಇಬ್ಬರೂ ಕೈಕುಲುಕಿದರು, ಕ್ರೀಡಾಂಗಣವಿಡೀ ಹರ್ಷೋದ್ಗಾರ ಮೊಳಗಿತು. ಲೀಫ್ಸ್ 7-3ರಿಂದ ಗೆದ್ದದ್ದು ಈಗ ಅಂಕಿಅಂಶದ ಪುಸ್ತಕಗಳಿಗಷ್ಟೇ ಬೇಕಾದ ಸಂಗತಿ. ಜನರ ನೆನಪಿನಲ್ಲಿ ಉಳಿದದ್ದು ಆ ಕೈಕುಲುಕು. ಸುಮಾರು 20,900 ಡಾಲರ್ ಸಂಗ್ರಹವಾಯಿತು.

ಆಲ್‌ಸ್ಟಾರ್ ಪಂದ್ಯ ವರ್ಷವರ್ಷವೂ ನಡೆಯತೊಡಗಿದ್ದು 1947ರಿಂದ, ಅದೂ ಇದೇ ಕ್ರೀಡಾಂಗಣದಲ್ಲಿ. ಬೇಲಿ ತೊಡುತ್ತಿದ್ದ 6ನೇ ಸಂಖ್ಯೆಯನ್ನು ತಂಡ ಬೇರಾರಿಗೂ ಕೊಡದೆ ತೆಗೆದಿರಿಸಿತು. ಲೀಗ್‌ನಲ್ಲಿ ಹೀಗೆ ಗೌರವ ಪಡೆದ ಮೊದಲ ಸಂಖ್ಯೆ ಅದು. 1968ರಲ್ಲಿ ಬೇಲಿಯೇ ಮುಂದೆ ಬಂದು, ರಾನ್ ಎಲ್ಲಿಸ್ ಅದನ್ನು ತೊಡಲಿ ಎಂದು ಕೇಳಿಕೊಂಡ. ಎಲ್ಲಿಸ್ ನಿವೃತ್ತನಾದ ಮೇಲೆ 6 ಮತ್ತೆ ಯಾರ ಬೆನ್ನಿಗೂ ಏರಲಿಲ್ಲ.