ಫೋಟಾನ್

ಕ್ವಾಂಟಮ್ ಸುದ್ದಿಗಳಲ್ಲಿ ಈ ಪದ ಆಗಾಗ ‘ಪ್ರೋಟಾನ್’ ಆಗಿಬಿಡುವುದುಂಟು. ಪ್ರೋಟಾನ್ ಪರಮಾಣುವಿನ ನ್ಯೂಕ್ಲಿಯಸ್ಸಿನಲ್ಲಿರುವ ಕಣ. ಫೋಟಾನ್ ಬೆಳಕಿನದು, ದ್ರವ್ಯರಾಶಿಯೇ ಇಲ್ಲದ್ದು. ಗ್ರೀಕಿನ ‘ಫೋಸ್’ (ಬೆಳಕು) ಇದರ ಮೂಲ. ‘ಫೋಟೋ’ ಬಂದದ್ದೂ ಅಲ್ಲಿಂದಲೇ. ಸಂಸ್ಕೃತದ ‘ಭಾ’ ಧಾತುವೂ ಅದೇ ಕುಲದ್ದು. ಹಾಗಾಗಿ ನಮ್ಮ ಪ್ರಭೆ, ಭಾನು, ಭಾಸ್ಕರ ಎಲ್ಲ ಇದರ ದೂರದ ನೆಂಟರು.

1905ರಲ್ಲಿ ಐನ್‌ಸ್ಟೈನ್ ಹೇಳಿದ್ದು ‘ಬೆಳಕಿನ ಕ್ವಾಂಟಮ್’ ಎಂದಷ್ಟೆ. 1916ರಲ್ಲಿ ಟ್ರೋಲ್ಯಾಂಡ್ ಎಂಬಾತ ಕಣ್ಣಿನ ಅಕ್ಷಿಪಟಲದ ಮೇಲೆ ಬೀಳುವ ಬೆಳಕಿನ ಅಳತೆಗೆ ‘ಫೋಟಾನ್’ ಎಂದಿದ್ದ. ಈಗಿನ ಬಳಕೆಗೆ ದಾರಿಯಾದದ್ದು 1926ರಲ್ಲಿ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಬರೆದ ಪತ್ರ. ತಮಾಷೆಯೆಂದರೆ, ಅದರಲ್ಲಿ ಅವನು ಮಂಡಿಸಿದ ಸಿದ್ಧಾಂತ ಬಿದ್ದುಹೋಯಿತು, ಹೆಸರು ಮಾತ್ರ ನಿಂತಿತು.

ಹೆಣೆದುಕೊಂಡ ಫೋಟಾನ್ ಜೋಡಿಗಳ ಪ್ರಯೋಗಗಳಿಗಾಗಿ ಆಸ್ಪೆ, ಕ್ಲೌಸರ್, ಝೈಲಿಂಗರ್ 2022ರ ನೊಬೆಲ್ ಪಡೆದರು. ಫೋಟಾನನ್ನು ದುಡಿಸಿಕೊಳ್ಳುವ ವಿದ್ಯೆಗೆ ‘ಫೋಟಾನಿಕ್ಸ್’ ಎಂಬ ಹೆಸರು. ಎಲೆಕ್ಟ್ರಾನಿಕ್ಸ್‌ನ ಅಚ್ಚಿನಲ್ಲೇ ಎರಕ ಹೊಯ್ದ ಪದ.