ಸುಸ್ತು, ಖಾಲಿ, ಬೇಕಾರ್

ಮುಂಬಯಿಯ ಘಾಟ್ಕೋಪರಿನ ಕನ್ನಡಿಗ ದುಡಿದು ಬಂದು ‘ಸುಸ್ತು’ ಎಂದರೆ ಪಕ್ಕದ ಮನೆಯ ಮರಾಠಿಯವರಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ. ಅವರಲ್ಲಿ ಸುಸ್ತ್ ಎಂದರೆ ಚುರುಕಿಲ್ಲದವನು, ಆಲಸಿ. ಪಾರಸಿಯ ಮೂಲದಲ್ಲಿ ಇದರ ಅರ್ಥ ಸಡಿಲ, ದುರ್ಬಲ. ಸಡಿಲವಾದ ಮೈಯನ್ನು ಕನ್ನಡ ದಣಿವೆಂದು ಕಂಡಿತು, ಮರಾಠಿ-ಹಿಂದಿಗಳು ಸ್ವಭಾವವೆಂದು ಕಂಡವು. ಹಾಗೆಂದು ಕನ್ನಡದ ಔದಾರ್ಯವೂ ಪೂರ್ತಿಯಲ್ಲ. ಸಾಲದ ಕಂತು ತಪ್ಪಿಸಿದವನು ನಮ್ಮ ಸಹಕಾರಿ ಬ್ಯಾಂಕುಗಳ ಕಡತದಲ್ಲಿ ‘ಸುಸ್ತಿದಾರ’.

ಇಂಗ್ಲಿಷಿನ ‘ಲೇಜಿ’, ‘ಐಡಲ್’, ‘ಇನರ್ಟ್’ ಮೂರನ್ನೂ ಕನ್ನಡಕ್ಕೆ ತರುವಾಗ ನಾವು ಸೋಮಾರಿತನದ ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ‘ಲೇಜಿ’ 16ನೆಯ ಶತಮಾನದಲ್ಲಿ ಕಾಣಿಸಿಕೊಂಡ ಮಾತು. ನಮ್ಮ ‘ಮೈಗಳ್ಳ’ನಂತೆ ನೇರ ಬೈಗುಳ. ‘ಇನರ್ಟ್’ ಲ್ಯಾಟಿನ್ನಿನಿಂದ ಬಂದದ್ದು, ಮೂಲದಲ್ಲಿ ಕಸುಬು ತಿಳಿಯದವನು ಎಂದರ್ಥ. ಈಗ ರಸಾಯನಶಾಸ್ತ್ರದಲ್ಲಿ ಅದು ಜಡ ಅನಿಲ. 1894ರಲ್ಲಿ ರ‍್ಯಾಲಿ ಮತ್ತು ರಾಮ್ಸೆ ಕಂಡುಹಿಡಿದ ಆರ್ಗಾನ್ ಅನಿಲದ ಹೆಸರಿನ ಹಿಂದಿರುವುದೂ ‘ಕೆಲಸ ಮಾಡದ’ ಎಂಬ ಗ್ರೀಕ್ ಮಾತೇ.

‘ಐಡಲ್’ ಪದದ ಬಾಳು ಇವೆಲ್ಲಕ್ಕಿಂತ ದೊಡ್ಡದು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಬರಿದು, ಖಾಲಿ. ಸಾವಿರ ವರ್ಷಗಳ ಹಿಂದೆ ಬೈಬಲ್ಲಿನ ಸೃಷ್ಟಿಕಥೆಯನ್ನು ಆ ಭಾಷೆಗೆ ತಂದವರು ಏನೂ ಇಲ್ಲದ ಆದಿಯ ಭೂಮಿಗೆ ಇದೇ ಪದ ಬಳಸಿದರು. ಭೂಮಿಯನ್ನು ಸೋಮಾರಿ ಎಂದು ಯಾರು ಕರೆದಾರು? ಇನ್ನೂ ಸೋಜಿಗವೆಂದರೆ, ಇಂದು ಬರಿದು ಎನ್ನುವ ‘ಎಂಪ್ಟಿ’ ಪದ ಹುಟ್ಟಿದ್ದು ಬಿಡುವು ಎನ್ನುವ ಮಾತಿನಿಂದ. ಬರಿದು ಬಿಡುವಾಯಿತು, ಬಿಡುವು ಬರಿದಾಯಿತು. ಮುಂಬಯಿಯ ‘ಖಾಲಿ’ಯೂ ಇದೇ ದಾರಿಯದು. ಡಬ್ಬವೂ ಖಾಲಿ, ಕೆಲಸವಿಲ್ಲದೆ ಕೂತವನೂ ಖಾಲಿ. ಅರಬ್ಬಿಯಿಂದ ಬಂದ ಈ ಪದದಲ್ಲಿ ನಿಂದೆಯಿಲ್ಲ.

ನಿಂದೆ ಇರುವುದು ‘ಬೇಕಾರ್’ನಲ್ಲಿ. ‘ಬೇ’ ಎಂದರೆ ಇಲ್ಲದ, ‘ಕಾರ್’ ಎಂದರೆ ಕೆಲಸ. ಮರಾಠಿಯಲ್ಲಿ ಇಂದಿಗೂ ಬೇಕಾರಿ ಎಂದರೆ ನಿರುದ್ಯೋಗ. ಆದರೆ ಕೆಲಸವಿಲ್ಲದವನು ಎಂಬ ಪದ ಬರಬರುತ್ತ ಕೆಲಸಕ್ಕೆ ಬಾರದವನು ಎಂದಾಯಿತು. ಈ ಜಾರುವಿಕೆ ಎಷ್ಟು ಕ್ರೂರವೆಂದು ಮುಂಬಯಿಗೆ ಗೊತ್ತು. 1982ರ ಜನವರಿ 18ರಂದು ಶುರುವಾದ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಅದರ ಮುಂದಾಳು ದತ್ತಾ ಸಾಮಂತ್ ಘಾಟ್ಕೋಪರಿನ ಪಂತ್‌ನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯರು. ಮುಷ್ಕರದ ನಂತರ ಸಾವಿರಾರು ನೇಕಾರರಿಗೆ ಮಗ್ಗದ ಮುಂದೆ ಮತ್ತೆ ನಿಲ್ಲುವ ಅವಕಾಶ ಸಿಗಲಿಲ್ಲ. ಇಂಗ್ಲಿಷಿನಲ್ಲಿ ನಿಂತ ಮಗ್ಗವೂ ‘ಐಡಲ್’, ಅದನ್ನು ನಡೆಸುತ್ತಿದ್ದವನೂ ‘ಐಡಲ್’. ಮಗ್ಗಕ್ಕೆ ತಗಲದ ಕಳಂಕ ಮನುಷ್ಯನಿಗೆ ತಗಲುತ್ತದೆ.

ಈ ಪದಗಳನ್ನು ಕನ್ನಡಕ್ಕೆ ತರುವವರಲ್ಲಿ ನನ್ನ ಕೋರಿಕೆ ಇಷ್ಟೆ: ಯಂತ್ರಕ್ಕೆ ‘ನಿಂತಿದೆ’ ಎನ್ನಿ, ಅನಿಲಕ್ಕೆ ‘ಜಡ’ ಎನ್ನಿ, ಕೆಲಸ ಕಳೆದುಕೊಂಡವನನ್ನು ‘ಕೆಲಸ ಕಳೆದುಕೊಂಡವನು’ ಎಂದೇ ಬರೆಯಿರಿ.